ಮದ್ಯ ಬಿಡುವವರ ಸಭೆಗೆ ಸೇರುವುದು ಹೇಗೆ? ಸಣ್ಣ ಊರಿನವನ ಕೆಲವು ಅನುಮಾನಗಳು

ಪ್ರಶ್ನೆ (ಹಾಸನ ಜಿಲ್ಲೆಯ ಓದುಗ):

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಿದ್ದೇನೆ. ಕೆಲವು ವರ್ಷಗಳಿಂದ ಕುಡಿಯದೆ ನಿದ್ದೆ ಬರುವುದಿಲ್ಲ. ಈಚೆಗೆ ಬೆಳಗ್ಗೆ ಶಟರ್ ಎತ್ತುವಾಗಲೇ ಕೈ ನಡುಗುತ್ತದೆ, ಸ್ವಲ್ಪ ಹಾಕಿಕೊಂಡರೆ ನಿಲ್ಲುತ್ತದೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸಭೆಗೆ ಹೋಗುವಂತೆ ಪರಿಚಿತರೊಬ್ಬರು ಸೂಚಿಸಿದ್ದಾರೆ. ಕನ್ನಡದಲ್ಲಿ ನಡೆಯುವ ಸಭೆಯನ್ನು ಹುಡುಕುವುದು ಹೇಗೆ? ಅಲ್ಲಿ ನನ್ನ ಗಿರಾಕಿಯೇ ಎದುರಾದರೆ ಏನು ಮಾಡಲಿ? ಮೊದಲ ದಿನವೇ ಮಾತನಾಡಬೇಕೇ? ಬರುವ ಸೋಮವಾರದಿಂದ ಒಂದೇ ಏಟಿಗೆ ಕುಡಿತ ನಿಲ್ಲಿಸಿ, ಅನಂತರ ಸಭೆಗೆ ಹೋಗೋಣವೆಂದುಕೊಂಡಿದ್ದೇನೆ.

ಉತ್ತರ 1 (ವ್ಯಸನಮುಕ್ತಿ ವಾರ್ಡಿನ ಶುಶ್ರೂಷಕಿ):

ಸಭೆಯ ವಿಚಾರ ಆಮೇಲೆ; ಮೊದಲು ಸೋಮವಾರದ ಯೋಜನೆಯನ್ನು ದಯವಿಟ್ಟು ಕೈಬಿಡಿ. ಬೆಳಗ್ಗೆ ಕೈ ನಡುಗಿ, ಕುಡಿದೊಡನೆ ನಡುಕ ನಿಲ್ಲುತ್ತದೆಯೆಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದು ಅರ್ಥ. ಇಂಥವರು ವೈದ್ಯರ ನಿಗಾ ಇಲ್ಲದೆ ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಜ್ವರ, ಬೆವರು, ಇಲ್ಲದ್ದು ಕಣ್ಣಿಗೆ ಕಾಣುವುದು, ತಾನು ಎಲ್ಲಿದ್ದೇನೆಂಬುದೇ ತಿಳಿಯದಿರುವುದು ಎಲ್ಲ ಸೇರಿ ಪ್ರಾಣಕ್ಕೇ ಅಪಾಯವಾದೀತು. ಇದು ಮನೋಬಲದಿಂದ ಗೆಲ್ಲುವ ವಿಷಯವಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಂಡರೆ, ಕೆಲವು ದಿನ ಮಾತ್ರೆ ಕೊಟ್ಟು ಹಂತಹಂತವಾಗಿ ಆ ಮಾತ್ರೆಯ ಪ್ರಮಾಣ ಇಳಿಸುತ್ತಾರೆ, ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ವಿಚಾರಿಸಿ.

ಉತ್ತರ 2 (ಮೈಸೂರಿನ ಎಎ ಸದಸ್ಯ):

ಮೇಲಿನವರ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಆದರೆ ಚಿಕಿತ್ಸೆ ಮುಗಿಯುವವರೆಗೆ ಸಭೆಗೆ ಕಾಯಬೇಕಾಗಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಎಎ ಸದಸ್ಯತ್ವಕ್ಕೆ ಬೇಕಾದ ಅರ್ಹತೆ. ನಿಲ್ಲಿಸಿಯೇ ಬರಬೇಕೆಂಬ ನಿಯಮವಿಲ್ಲ. ಶುಲ್ಕವೂ ಇಲ್ಲ. ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ, ಹಾಕಲೇಬೇಕೆಂದು ಯಾರೂ ಕೇಳುವುದಿಲ್ಲ.

ಸಭೆಯಲ್ಲಿ ಭಾಷಣವಿರುತ್ತದೆಂದು ಹಲವರು ತಪ್ಪಾಗಿ ತಿಳಿದಿರುತ್ತಾರೆ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಎದುರುಬದುರು ಕುಳಿತು ತಮ್ಮ ಕಥೆ ಹೇಳಿಕೊಂಡದ್ದರಿಂದ ಎಎ ಆರಂಭವಾಯಿತು, ಇಂದಿಗೂ ನಡೆಯುವುದು ಅದೇ. ನಾನು ಹೋಗುವ ಗುಂಪು ಶಾಲೆಯೊಂದರ ತರಗತಿಯಲ್ಲಿ ಸೇರುತ್ತದೆ: ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿಕೊಂಡು ಕುಳಿತ ದೊಡ್ಡವರು, ಫ್ಲಾಸ್ಕಿನ ಚಹಾ, ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಫಲಕ. ಒಬ್ಬೊಬ್ಬರಾಗಿ ಮೊದಲ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು ಮಾತು ಆರಂಭಿಸುತ್ತಾರೆ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು, ಮುಂದಿನವರು ಆರಂಭಿಸುತ್ತಾರೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿವಾದವನ್ನೂ ಹೇಳುವುದಿಲ್ಲ.

ಗಿರಾಕಿ ಎದುರಾದರೆ, ಅವರೂ ಅಲ್ಲಿಗೆ ಬಂದಿರುವುದು ಅದೇ ಕಾರಣಕ್ಕೆ ತಾನೇ! ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ಕಟ್ಟುಪಾಡನ್ನು ನಮ್ಮಲ್ಲಿ ಪಾಲಿಸುತ್ತಾರೆ. ಆದರೂ ಸಂಕೋಚವಿದ್ದರೆ ಮೊದಮೊದಲು ಪಕ್ಕದ ಊರಿನ ಸಭೆಗೋ ಆನ್‌ಲೈನ್ ಸಭೆಗೋ ಹೋಗಿ. ಎಎ ಜಾಲತಾಣದಿಂದ ಸಭೆಯ ವಿವರ ಪಡೆದ ಮೇಲೂ ಒಮ್ಮೆ ಕರೆ ಮಾಡಿ ಸ್ಥಳ, ಸಮಯ, ಭಾಷೆಯನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಬೇರೆಯವರ ಜಾಗದಲ್ಲಿ ಸೇರುವ ಗುಂಪುಗಳು ಆಗಾಗ ಸ್ಥಳ ಬದಲಿಸುತ್ತವೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದನ್ನು ನೋಡಿ. ಗುಂಪಿನಿಂದ ಗುಂಪಿಗೆ ಸ್ವಭಾವ ಬಹಳ ಬೇರೆ. ಪ್ರಾರ್ಥನೆ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದೇವರನ್ನು ಅವರವರು ಅರಿತಂತೆ ಎಂದೇ ಹೆಜ್ಜೆಗಳಲ್ಲಿ ಬರೆದಿದೆ, ನಾಸ್ತಿಕರೂ ನಮ್ಮ ಗುಂಪಿನಲ್ಲಿದ್ದಾರೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಗುರುವಾರ ಜಿಲ್ಲಾ ಆಸ್ಪತ್ರೆಗೆ ಹೋಗುತ್ತೇನೆ. ನನ್ನ ಹೆಂಡತಿಯೂ ಸಭೆಗೆ ಬರಬಹುದೇ? ಕುಡಿತ ಬಿಡಿಸುವ ಪುಡಿಯೆಂದು ಸಂಬಂಧಿಕರೊಬ್ಬರು ಅವಳಿಗೆ ಏನನ್ನೋ ಕೊಟ್ಟು, ನನಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಲು ಹೇಳಿದ್ದರಂತೆ. ಅವಳು ಅದನ್ನು ಬಳಸದೆ ನನಗೇ ತೋರಿಸಿದಳು.

ಉತ್ತರ 3 (ಬೆಳ್ತಂಗಡಿಯ ಗೃಹಿಣಿ):

ನಿಮ್ಮ ಮನೆಯವರು ಬಹಳ ಸರಿಯಾದುದನ್ನೇ ಮಾಡಿದ್ದಾರೆ. ಇಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಎಂಬ ಔಷಧವಿರುವ ಸಾಧ್ಯತೆಯಿದೆ. ಅದು ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಹೃದಯಕ್ಕೂ ತೊಂದರೆಯಾಗಬಹುದು. ಆದ್ದರಿಂದ ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ.

ಎಎಯ ಓಪನ್ ಮೀಟಿಂಗ್‌ಗಳಿಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಮೀಟಿಂಗ್ ವ್ಯಸನಿಗಳಿಗೆ ಮಾತ್ರ. ಕುಟುಂಬದವರಿಗೆಂದೇ 1951ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್-ಅನಾನ್ ಗುಂಪುಗಳು ಬೇರೆಯೇ ಇವೆ. ಅಲ್ಲಿ ಗಂಡನನ್ನು ಹೇಗೆ ಬಿಡಿಸಬೇಕೆಂಬುದಕ್ಕಿಂತ ತಾನು ಹೇಗೆ ನೆಮ್ಮದಿಯಿಂದಿರಬೇಕೆಂಬುದೇ ಹೆಚ್ಚಿನ ಮಾತು. ನಮ್ಮ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಹತ್ತಿರದಲ್ಲಿ ಎಎ ಸಿಗದಿದ್ದರೆ ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬಹುದು. ಆದರೆ ನಿಮಗೆ ಕೈ ನಡುಕ ಇರುವುದನ್ನು ಅಲ್ಲಿಯೂ ಮೊದಲೇ ಹೇಳಿ. ಗುರುವಾರ ಆಸ್ಪತ್ರೆಗೆ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಆ ಪುಡಿಯ ಪೊಟ್ಟಣವನ್ನು ವೈದ್ಯರಿಗೆ ತೋರಿಸಿ.