ಹೊಸ ಕ್ಷೌರದ ಕತ್ತಿ ಗಡ್ಡ ಎಳೆಯುತ್ತದೆ, ಕೊಯ್ಯುವುದಿಲ್ಲ: ತಪ್ಪು ಕೈಯದಾ, ಕತ್ತಿಯದಾ?

ಪೆರ್ಲದ ಹೊಸಬ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ. ಎರಡು ತಿಂಗಳ ಹಿಂದೆ ಆನ್‌ಲೈನಿನಲ್ಲಿ ಒಂದು ಸ್ಟ್ರೇಟ್ ರೇಜರ್ (ಬ್ಲೇಡ್ ಬದಲಿಸದ, ಹಳೆಯ ಕಾಲದ ಕ್ಷೌರದ ಕತ್ತಿ) ಸೆಟ್ ತರಿಸಿದೆ, 1,800 ರೂಪಾಯಿಗೆ. ಕತ್ತಿ, ಚರ್ಮದ ಪಟ್ಟಿ, ಹಸಿರು ಪೇಸ್ಟ್, ಬ್ರಷ್ ಎಲ್ಲ ಅದರಲ್ಲೇ ಇತ್ತು. ನೇರವಾಗಿ ಶೇವ್ ಮಾಡಬಹುದು ಅಂತ ಪೆಟ್ಟಿಗೆಯ ಮೇಲೆ ಬರೆದಿತ್ತು.

ಕೆನ್ನೆಗೆ ಇಟ್ಟು ಎಳೆದರೆ ಕೂದಲು ಕಿತ್ತು ಬಂದ ಹಾಗೆ ಆಗುತ್ತದೆ. ಎರಡನೇ ಸಲ ಎಳೆಯುವಾಗ ಕಣ್ಣಲ್ಲಿ ನೀರು. ಪೇಸ್ಟ್ ಹಚ್ಚಿದ ಪಟ್ಟಿಯ ಮೇಲೆ 100 ಸಲ ಉಜ್ಜಿದೆ. ಸ್ವಲ್ಪವೂ ಬದಲಾಗಲಿಲ್ಲ. ಅವಸರದಲ್ಲಿ ತಿರುಗಿಸುವಾಗ ಪಟ್ಟಿಗೂ ಒಂದು ಗಾಯ ಮಾಡಿದೆ. ಪೇಪರ್ ಮಾತ್ರ ಸರಾಗ ಕೊಯ್ಯುತ್ತದೆ. ಈಗ ಹಿಡಿಯ ಹತ್ತಿರ ಕಪ್ಪು ಚುಕ್ಕೆ ಬೇರೆ ಬಂದಿದೆ.

ನನ್ನ ಕೈಗೆ ಇದು ಹೊಂದುವುದಿಲ್ಲವಾ? ಅಥವಾ ಬೇರೆ ಕತ್ತಿ ಕೊಳ್ಳಬೇಕಾ? ನನಗೆ ಇದನ್ನು ಕಲಿಯಲೇಬೇಕು ಅಂತ ಆಸೆ ಇದೆ.

ಉಪ್ಪಳದ ಅಂಗಡಿ

ನಮ್ಮದು ಕ್ಷೌರದ ಅಂಗಡಿ. ಅಪ್ಪ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಚರ್ಮದ ಪಟ್ಟಿ ಕುರ್ಚಿಗೇ ನೇತಾಡುತ್ತಿತ್ತು. ಈಗ ನಾವು ಬಳಸುವುದು ಬ್ಲೇಡ್ ಬದಲಿಸುವ ಕತ್ತಿ ಮಾತ್ರ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಇಲ್ಲ. ರಕ್ತದಿಂದ ಹರಡುವ ಕಾಯಿಲೆಗಳ ಭಯ ಬಂದ ಮೇಲೆ ಹಾಗೆ ಆಯಿತು, ಅದು ಒಳ್ಳೆಯದೇ.

ನನ್ನ ಸಲಹೆ ಇಷ್ಟೇ. ಮೊದಲು 300 ರೂಪಾಯಿ ಒಳಗೆ ಸಿಗುವ ಶಾವೆಟ್, ಅಂದರೆ ಈ ಬ್ಲೇಡ್ ಬದಲಿಸುವ ಕತ್ತಿ, ತೆಗೆದುಕೊಳ್ಳಿ. ಸಾಮಾನ್ಯ ಬ್ಲೇಡನ್ನು ಮಧ್ಯಕ್ಕೆ ಮುರಿದು ಅರ್ಧ ಹಾಕಿದರೆ ಆಯಿತು. ಕೈ ಕುದುರಲಿ. ನಿಮ್ಮ ಕೈ ತಪ್ಪಾ, ಕತ್ತಿ ತಪ್ಪಾ ಅನ್ನುವುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಆದರೆ ಭಾರ ಹಾಕಬೇಡಿ, ಕತ್ತಿಯ ತೂಕವೇ ಸಾಕು.

ನೀರ್ಚಾಲು ಸಾಣೆಕಲ್ಲು

ಹೊಸಬರೇ, ನಿಮ್ಮ ಕೈಯನ್ನು ಈಗಲೇ ಬಯ್ಯಬೇಡಿ. ಓದಿದರೆ ನನಗೆ ಕತ್ತಿಯ ಮೇಲೇ ಅನುಮಾನ. ಕತ್ತಿಗೆ ಬಾಯಿಯೇ, ಅಂದರೆ ಹರಿತದ ಅಂಚೇ, ಬಂದಿಲ್ಲ.

ಪೇಪರ್ ಕೊಯ್ಯುವುದು ಪರೀಕ್ಷೆ ಅಲ್ಲ. ನಮ್ಮ ಮನೆಯ ತರಕಾರಿ ಹೆಚ್ಚುವ ಮೆಟ್ಟುಕತ್ತಿಯೂ ಚೆನ್ನಾಗಿ ಮಸೆದರೆ ಪೇಪರ್ ಕೊಯ್ಯುತ್ತದೆ. ಅದರಲ್ಲಿ ಯಾರೂ ಗಡ್ಡ ತೆಗೆಯುವುದಿಲ್ಲ ಅಲ್ವಾ? ಹೀಗೆ ನೋಡಿ: ಮುಂಗೈಯ ಚರ್ಮ ಮುಟ್ಟದೆ, ಕೂದಲಿನ ತುದಿಗೆ ಮಾತ್ರ ತಾಗುವ ಹಾಗೆ ಅಲಗನ್ನು ನಿಧಾನ ಸರಿಸಿ. ಒಳ್ಳೆಯ ಬಾಯಿ ಇದ್ದರೆ ಕೂದಲು ಟಿಕ್ ಅಂತ ತುಂಡಾಗಿ ಬೀಳುತ್ತದೆ. ಬಗ್ಗಿ ಮತ್ತೆ ಎದ್ದು ನಿಂತರೆ ಆ ಕತ್ತಿ ಮುಖಕ್ಕೆ ಸಿದ್ಧವಾಗಿಲ್ಲ.

ಹಸಿರು ಪೇಸ್ಟ್ ಸಾಮಾನ್ಯವಾಗಿ ಕ್ರೋಮಿಯಂ ಆಕ್ಸೈಡ್. ಇರುವ ಹರಿತವನ್ನು ನಯ ಮಾಡುವ ಕೆಲಸ ಅದರದ್ದು. ಇಲ್ಲದ ಹರಿತವನ್ನು ಅದು ತರುವುದಿಲ್ಲ, 100 ಅಲ್ಲ 1000 ಸಲ ಉಜ್ಜಿದರೂ. ಇನ್ನೊಂದು ಮಾತು, ಪೇಸ್ಟ್ ಹಚ್ಚಿದ ಪಟ್ಟಿಯನ್ನು ದಿನನಿತ್ಯ ಬಳಸಬೇಡಿ. ದಿನಕ್ಕೆ ಬೇಕಾದದ್ದು ಶುದ್ಧ ಚರ್ಮ.

ಈಗ ಎರಡು ಕೆಲಸ ಮಾಡಿ. ವರ್ನಿಯರ್ ಕ್ಯಾಲಿಪರ್ ಸಿಕ್ಕಿದರೆ ಅಲಗಿನ ಅಗಲ ಮತ್ತು ಬೆನ್ನಿನ ದಪ್ಪ ಅಳೆದು ಹೇಳಿ. ಆಮೇಲೆ ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ, ನಯವಾದ ಸಮತಟ್ಟು ಕಲ್ಲಿನ ಮೇಲೆ ಬೆನ್ನು ಮತ್ತು ಅಂಚು ಎರಡೂ ತಾಗುವ ಹಾಗೆ ಮಲಗಿಸಿ, ಒಂದೇ ಸಲ ಹಗುರಾಗಿ ಎಳೆಯಿರಿ. ಮಸಿ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ನೋಡಿ.

ಶಾವೆಟ್ ವಿಷಯದಲ್ಲಿ ಉಪ್ಪಳದವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ದುಡ್ಡು ಉಳಿಯುತ್ತದೆ, ನಿಜ. ಆದರೆ ಆ ಬ್ಲೇಡು ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ. ಚೆನ್ನಾಗಿ ಸಾಣೆ ಹಿಡಿದ ಕತ್ತಿ ಅದಕ್ಕಿಂತ ಮೆದು.

ಪೆರ್ಲದ ಹೊಸಬ

ಪಂಪ್ ರಿಪೇರಿಯವರ ಹತ್ತಿರ ಕ್ಯಾಲಿಪರ್ ಸಿಕ್ಕಿತು. ಅಗಲ 16 ಮಿ.ಮೀ., ಬೆನ್ನು 6.5 ಮಿ.ಮೀ. ಅಂಚಿಗೆ ಹಚ್ಚಿದ ಮಸಿ ಬೆನ್ನಿನ ಕಡೆಯ ಬದಿಯಲ್ಲಿ ಮಾತ್ರ ಅಳಿಸಿತು. ಹಿಡಿಯ ಕಡೆಯ ಮೂರರಲ್ಲಿ ಒಂದು ಭಾಗದಲ್ಲಿ ಅಷ್ಟೂ ಅಳಿಸಲಿಲ್ಲ, ಮಸಿ ಪೂರ್ತಿ ಹಾಗೇ ಇದೆ. ಮುಂಗೈ ಕೂದಲು ಒಂದೂ ತುಂಡಾಗಲಿಲ್ಲ.

ನೀರ್ಚಾಲು ಸಾಣೆಕಲ್ಲು

ಸಿಕ್ಕಿತು ನೋಡಿ.

ಸ್ಟ್ರೇಟ್ ರೇಜರ್‌ನ ಬೆನ್ನು ಸುಮ್ನೆ ಇರುವುದಲ್ಲ. ಕಲ್ಲಿನ ಮೇಲೆ ಮಲಗಿಸಿದಾಗ ಅಂಚಿನ ಕೋನವನ್ನು ನಿಶ್ಚಯಿಸುವುದು ಅದೇ. ಅಗಲವನ್ನು ಬೆನ್ನಿನ ದಪ್ಪದಿಂದ ಭಾಗಿಸಿದರೆ ಮೂರೂವರೆಯಿಂದ ನಾಲ್ಕರ ಆಸುಪಾಸು ಬರಬೇಕು. ಆಗ ಕೋನ ಸುಮಾರು 14ರಿಂದ 16 ಡಿಗ್ರಿ. ನಿಮ್ಮದು ಎರಡೂವರೆಯೂ ಇಲ್ಲ. ಲೆಕ್ಕ ಹಾಕಿದರೆ 23 ಡಿಗ್ರಿ ದಾಟುತ್ತದೆ. ಅದು ಅಡುಗೆಮನೆಯ ಚಾಕುವಿನ ಜಾತಿ. ಎಷ್ಟು ಮಸೆದರೂ ಗಡ್ಡದ ಕೂದಲಿನ ಒಳಗೆ ಹೊಗುವುದಿಲ್ಲ, ದೂಡುತ್ತದೆ. ನೋವು ಬರುವುದು ಅದಕ್ಕೇ. ಮೇಲಿಂದ ಅಲಗು ಸ್ವಲ್ಪ ತಿರುಚಿಯೂ ಇದೆ, ಮಸಿ ಹೇಳುತ್ತಿರುವುದು ಅದನ್ನೇ.

ಸರಿ ಮಾಡಬಹುದಾ ಅಂದರೆ, ಬೆನ್ನಿನ ಎರಡೂ ಬದಿಯಿಂದ ಹೆಚ್ಚುಕಡಿಮೆ ಒಂದೊಂದು ಮಿ.ಮೀ. ಉಕ್ಕು ಸವೆಸಬೇಕು. ಅಷ್ಟು ಬೆವರು ಆ ಕತ್ತಿಗೆ ಬೇಡ. ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ, ರೇಜರ್‌ನ ವೇಷ ಇದೆ, ಅರ್ಥ ಹೇಳಲು ಬರುವುದಿಲ್ಲ.

ಪೆರ್ಲದ ಹೊಸಬ

ಬೇಸರ ಆಯಿತು. ಆದರೆ ನನ್ನ ಕೈಯದ್ದಲ್ಲ ಅಂತ ಗೊತ್ತಾಯಿತು, ಅದೇ ಸಮಾಧಾನ. ಹಾಗಾದರೆ ಏನು ಕೊಳ್ಳಲಿ? 5,000ದ ಒಳಗೆ ಆಗುತ್ತದಾ?

ನೀರ್ಚಾಲು ಸಾಣೆಕಲ್ಲು

ಆಗುತ್ತದೆ, ಹಳೆಯದು ಕೊಂಡರೆ. ಡೋವೊ, ಬೋಕರ್, ಫ್ರಾನ್ಸಿನ ತಿಯೆರ್ ಊರಿನ ತಿಯೆರ್-ಇಸ್ಸಾರ್ ಇವೆಲ್ಲ ಹೆಸರಾದ ತಯಾರಕರು. ಆದರೆ ಹೊಸತಕ್ಕೆ ನಿಮ್ಮ ಬಜೆಟ್ ಸಾಲದು. ಜರ್ಮನಿಯ ಸೋಲಿಂಗೆನ್‌ನ ಹಳೆಯ ಕತ್ತಿಗಳು ಸಂಗ್ರಹ ಮಾಡುವವರ ಹತ್ತಿರ ಸಿಗುತ್ತವೆ. ಆ ಊರಿನ ಹೆಸರನ್ನು ಕತ್ತಿಯ ಮೇಲೆ ಯಾರು ಹಾಕಬಹುದು ಅನ್ನುವುದಕ್ಕೆ ಅಲ್ಲಿ 1938ರಿಂದಲೇ ಕಾನೂನು ಇದೆ. ಆದರೂ ಮುದ್ರೆ ನೋಡಿ ಮರುಳಾಗಬೇಡಿ. ಅಂಚಿನ ಫೋಟೋ ಹತ್ತಿರದಿಂದ ಕೇಳಿ. ಅಂಚಿನಲ್ಲಿ ತುಕ್ಕು, ಬಿರುಕು, ಹಲ್ಲು ಇದ್ದರೆ ಬಿಟ್ಟುಬಿಡಿ. ಬೆನ್ನು ಮಸೆದು ಮಸೆದು ಅಗಲವಾಗಿ ಚಪ್ಪಟೆಯಾಗಿದ್ದರೂ ಬೇಡ. ಅಂಚು ಮಧ್ಯದಲ್ಲಿ ಒಳಗೆ ಬಾಗಿದ್ದರೂ ಬೇಡ. ಅಲಗಿನ ಮೈಯಲ್ಲಿ ಕಪ್ಪು ಕಲೆ ಇದ್ದರೆ ತೊಂದರೆ ಇಲ್ಲ.

ಅಳತೆ 5/8 ಇಂಚು, ಅಂದರೆ ಸುಮಾರು 16 ಮಿ.ಮೀ. ಅಗಲ. ಹೊಸಬರಿಗೆ ಅದೇ ಹದ. 6/8 ಕೂಡ ಆಗುತ್ತದೆ, ಆದರೆ ಮೂಗಿನ ಕೆಳಗೆ ಕಷ್ಟ.

ಎಲ್ಲಕ್ಕಿಂತ ಮುಖ್ಯ, ಮಾರುವವರೇ ಸಾಣೆ ಹಿಡಿದು ಕೊಡಲಿ, ಅವರು ಅದರಲ್ಲಿ ಶೇವ್ ಮಾಡಿ ನೋಡಿರಲಿ. ಕಲ್ಲುಗಳನ್ನು ಈಗಲೇ ಕೊಳ್ಳಬೇಡಿ. ಬಾಯಿ ಕಟ್ಟಲು 1000 ಗ್ರಿಟ್ (ಕಲ್ಲಿನ ನಯದ ಅಂಕೆ, ಬೆಲೆಯಲ್ಲ), ಆಮೇಲೆ 4000, 8000, ಕೊನೆಗೆ 12000. ನಾಲ್ಕು ಕಲ್ಲು ಕೊಂಡರೆ ಕತ್ತಿಗಿಂತ ಜಾಸ್ತಿ ಖರ್ಚು. ಒಳ್ಳೆಯ ಅಂಚು ಹೇಗಿರುತ್ತದೆ ಅಂತ ಮುಖಕ್ಕೆ ಗೊತ್ತಾಗದೆ ಕಲ್ಲು ಹಿಡಿದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ತಿಳಿಯುವುದಿಲ್ಲ. ನಾನು ಹಾಗೆ ಒಂದು ವರ್ಷ ಕಳೆದಿದ್ದೇನೆ.

ಉಪ್ಪಳದ ಅಂಗಡಿ

ಒಂದು ಮಾತು ಸೇರಿಸುತ್ತೇನೆ. ಮೊದಲ ವಾರ ಕೆನ್ನೆ ಮಾತ್ರ. ಗಲ್ಲ ಮತ್ತು ಕುತ್ತಿಗೆಗೆ ನಿಮ್ಮ ಹಳೆಯ ರೇಜರ್ ಇರಲಿ. ಇನ್ನೊಂದು ಕೈಯಿಂದ ಚರ್ಮ ಬಿಗಿಯಾಗಿ ಎಳೆದು ಹಿಡಿಯಿರಿ. ನಮ್ಮ ಕೆಲಸದಲ್ಲಿ ಅರ್ಧ ವಿದ್ಯೆ ಆ ಕೈಯಲ್ಲೇ ಇರುವುದು. ಕತ್ತಿ ಮುಖಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ.

ಪೆರ್ಲದ ಹೊಸಬ

ಐದು ವಾರ ಆಯಿತು, ಬಂದು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ಒಬ್ಬ ಹವ್ಯಾಸಿಯಿಂದ 5/8 ಅಳತೆಯ ಹಳೆಯ ಸೋಲಿಂಗೆನ್ ಕತ್ತಿ ತರಿಸಿದೆ. 3,800 ರೂಪಾಯಿ. ಅವರೇ ಸಾಣೆ ಹಿಡಿದು ಕಳುಹಿಸಿದ್ದರು. ಮೊದಲ ದಿನ ಕೆನ್ನೆಗೆ ಇಟ್ಟಾಗ ಸಣ್ಣ ಸದ್ದು ಮಾತ್ರ ಕೇಳಿತು, ಎಳೆದದ್ದೇ ಗೊತ್ತಾಗಲಿಲ್ಲ. ಮಾರಾಯ್ರೇ, ನಾನು ಸ್ವಲ್ಪ ಹೊತ್ತು ಕನ್ನಡಿ ಮುಂದೆ ಸುಮ್ಮನೆ ನಿಂತುಬಿಟ್ಟೆ.

ಆದರೆ ನಾಲ್ಕನೇ ಶೇವ್‌ಗೆ ಮತ್ತೆ ಎಳೆಯಲು ಶುರುವಾಗಿದೆ. ಪಟ್ಟಿಯ ಮೇಲೆ ಪ್ರತಿ ಸಲ ಉಜ್ಜುತ್ತೇನೆ. ಮತ್ತೆ ಏನಾಯಿತು?

ನೀರ್ಚಾಲು ಸಾಣೆಕಲ್ಲು

ಗಾಯ ಆದ ಆ ಹಳೆಯ ಪಟ್ಟಿಯೇ ಅಲ್ವಾ? ಪೇಸ್ಟೂ ಅದರಲ್ಲೇ ಇದೆ. ಒಂದು ಹೊಸ ಪಟ್ಟಿ ಬೇಕು. ಹತ್ತಿಯ ಬಟ್ಟೆ ಮತ್ತು ಚರ್ಮ ಎರಡೂ ಇರುವುದು ತೆಗೆದುಕೊಳ್ಳಿ. ಬಟ್ಟೆಯ ಮೇಲೆ 20, ಚರ್ಮದ ಮೇಲೆ 50. ಬೆನ್ನು ಮುಂದೆ ಹೋಗಬೇಕು, ಅಂಚು ಹಿಂದೆ ಬರಬೇಕು. ತಿರುಗಿಸುವಾಗ ಬೆನ್ನು ಚರ್ಮ ಬಿಡಬಾರದು. ಪಟ್ಟಿ ಜೋಲಿದರೆ ಅಂಚು ಉರುಟಾಗುತ್ತದೆ. ನಿಮಗೆ ಆಗಿರುವುದು ಹೆಚ್ಚಾಗಿ ಅದೇ. ಬಿಗಿಯಾಗಿ ಎಳೆದು ಹಿಡಿದು, ಒತ್ತಡ ಹಾಕದೆ, ನಿಧಾನ ಮಾಡಿ. ವೇಗ ತಾನಾಗಿ ಬರುತ್ತದೆ.

ಕತ್ತಿಯನ್ನು ಒಂದು ಸಲ ಕಳುಹಿಸಿಕೊಡಿ, ನಾನು 12000 ಕಲ್ಲಿನಲ್ಲಿ ಸ್ವಲ್ಪ ಮುಟ್ಟಿಸಿ ಕೊಡುತ್ತೇನೆ. ದುಡ್ಡು ಬೇಡ. ಹಳೆಯ ಪಟ್ಟಿಯ ಗಾಯವನ್ನು ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಪೇಸ್ಟಿನ ಕೆಲಸಕ್ಕೇ ಇಟ್ಟುಕೊಳ್ಳಿ.

ಪೆರ್ಲದ ಹೊಸಬ

ತುಂಬಾ ಉಪಕಾರ ಆಯಿತು. ನಾಳೆಯೇ ಕಳುಹಿಸುತ್ತೇನೆ. ಇನ್ನೊಂದೇ ಪ್ರಶ್ನೆ. ಮಳೆ ಶುರುವಾಯಿತು. ಮನೆಯಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಸಲು ಬರುತ್ತದೆ. ಕತ್ತಿಯನ್ನು ಹೇಗೆ ಕಾಪಾಡುವುದು?

ನೀರ್ಚಾಲು ಸಾಣೆಕಲ್ಲು

ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ ಇದು. ಹಳೆಯ ಕತ್ತಿಗಳು ಹೆಚ್ಚಿನವು ಕಾರ್ಬನ್ ಉಕ್ಕು, ಒಂದು ರಾತ್ರಿಯಲ್ಲಿ ತುಕ್ಕು ಹಿಡಿಯುತ್ತವೆ. ಬಚ್ಚಲಿನಲ್ಲಿ ಇಡಲೇಬೇಡಿ. ಶೇವ್ ಆದ ಕೂಡಲೇ ಒರೆಸಿ, ಹಿಡಿಯ ಒಳಗಿನ ನೀರನ್ನು ಬಟ್ಟೆಯ ತುದಿಯಿಂದ ತೆಗೆಯಿರಿ. ನಿಮ್ಮ ಮೊದಲ ಕತ್ತಿಗೆ ಚುಕ್ಕೆ ಬಂದದ್ದು ಅಲ್ಲಿಂದಲೇ. ಪಟ್ಟಿಯ ಬಟ್ಟೆಯ ಮೇಲೆ ನಾಲ್ಕೈದು ಸಲ ಉಜ್ಜಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು ತೆಳ್ಳಗೆ ಸವರಿ. ಚರ್ಮದ ಚೀಲದಲ್ಲಿ ಇಟ್ಟರೆ ಅದೇ ತೇವ ಹಿಡಿದು ಕೆಡಿಸುತ್ತದೆ. ಪಟ್ಟಿಯನ್ನು ಗಾಳಿಯಾಡುವ ಕಡೆ ನೇತುಹಾಕಿ, ಬೂಸಲು ಕಂಡರೆ ಒಣಬಟ್ಟೆಯಲ್ಲಿ ಒರೆಸಿ.

ನಿಮ್ಮಲ್ಲಿ ಸುರಂಗದ ನೀರು, ಅಂದರೆ ಗುಡ್ಡಕ್ಕೆ ಅಡ್ಡವಾಗಿ ಕೊರೆದು ತೆಗೆದ ನೀರು, ಇದೆಯಾ? ಇದ್ದರೆ ಭಾಗ್ಯ. ಮುರಕಲ್ಲಿನಿಂದ ಇಳಿದು ಬರುವ ಆ ನೀರು ಮೆದು. ಸೋಪು ಸ್ವಲ್ಪವೇ ಸಾಕು, ನೊರೆ ಚೆನ್ನಾಗಿ ಏಳುತ್ತದೆ. ಬ್ರಷ್ಷಿಗೆ ನೀರನ್ನು ಮಾತ್ರ ಹನಿ ಹನಿಯಾಗಿ ಸೇರಿಸಿ.

ಪೆರ್ಲದ ಹೊಸಬ

ಇದೆ, ತೋಟದ ಮೇಲಿನ ಗುಡ್ಡದಲ್ಲಿ. ನಾಳೆ ಬೆಳಗ್ಗೆ ಅದೇ ನೀರು ಬಿಸಿ ಮಾಡಿ, ಶಾವೆಟ್‌ನಲ್ಲೇ ನೊರೆ ನೋಡುತ್ತೇನೆ. ಹೌದು, ಉಪ್ಪಳದವರ ಮಾತು ಕೇಳಿ ಅದನ್ನೂ ಕೊಂಡಿದ್ದೇನೆ. ಕತ್ತಿ ವಾಪಸ್ ಬಂದ ಮೇಲೆ ಗಲ್ಲ ಹೇಗಾಯಿತು ಅಂತ ಬರೆಯುತ್ತೇನೆ.