ಮಗು ಕೇಳಿದ ಕೂಡಲೇ ಉತ್ತರ ಹೇಳಬೇಕೇ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನಲ್ಲಿರುವ ನಮಗೆ ಐದು ವರ್ಷದ ಮಗಳಿದ್ದಾಳೆ. ಇರುವೆಗಳು ಸಾಲಾಗಿಯೇ ಏಕೆ ಹೋಗುತ್ತವೆ, ಮಧ್ಯಾಹ್ನ ತನ್ನ ನೆರಳು ಗಿಡ್ಡವಾಗುವುದೇಕೆ ಎಂದು ದಿನವಿಡೀ ಕೇಳುತ್ತಿರುತ್ತಾಳೆ. ನಾವು ಮೊಬೈಲಿನಲ್ಲಿ ಹುಡುಕಿ ಸರಿಯಾದ ಉತ್ತರವನ್ನೇ ಹೇಳುತ್ತೇವೆ; ಆದರೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಗಮನ ಬೇರೆಡೆಗೆ ಹೋಗಿರುತ್ತದೆ. ಅವಳ ಕುತೂಹಲ ಉಳಿದು ಬೆಳೆಯಲು ನಾವು ಏನು ಮಾಡಬೇಕು?

ಉತ್ತರ 1:
ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ನನಗೆ ತೋರುವುದೇನೆಂದರೆ, ಈ ವಯಸ್ಸಿನ ಮಕ್ಕಳಿಗೆ ಉತ್ತರಕ್ಕಿಂತ ಮೊದಲು ಜೊತೆಯಲ್ಲಿ ಕುಳಿತು ನೋಡುವ ಒಬ್ಬರು ಬೇಕು. "ನಿನಗೆ ಏನನ್ನಿಸುತ್ತದೆ ಪುಟ್ಟಾ?" ಎಂದು ಕೇಳಿ. ಇರುವೆಗಳನ್ನು ಅವುಗಳ ಅಮ್ಮ ಕರೆದಿರಬೇಕು ಎಂದು ಅವಳು ಹೇಳಿದರೆ ನಗಬೇಡಿ, ತಿದ್ದಲೂ ಬೇಡಿ. ಅಂಗಳದಲ್ಲಿ ಚಿಟಿಕೆ ಸಕ್ಕರೆ ಇಟ್ಟು, ಸಾಲು ಕಟ್ಟಿದ ಮೇಲೆ ಒಂದು ಕಡೆ ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸಿ. ಅಲ್ಲಿಗೆ ಬಂದ ಇರುವೆಗಳು ತಡೆದು ನಿಂತು, ಅತ್ತಿತ್ತ ಹುಡುಕಾಡಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ದಾರಿ ಕಂಡುಕೊಳ್ಳುವುದನ್ನು ಅವಳೇ ನೋಡಲಿ. ಮುಂದೆ ಹೋದ ಇರುವೆ ನೆಲಕ್ಕೆ ವಾಸನೆಯ ಜಾಡು ಬಿಟ್ಟಿರುತ್ತದೆ ಎಂಬ ಮಾತು ಅವಳಿಗೆ ಬೇಕಾಗುವುದು ಆಗ. ಇರುವೆ ಮದ್ದು ಹಾಕಿದ ಜಾಗದಲ್ಲಿ ಮಾತ್ರ ಇದನ್ನು ಮಾಡಬೇಡಿ.

ಉತ್ತರ 2:
ನೆರಳಿನ ಪ್ರಶ್ನೆಗೆ ತಾರಸಿ ಸಾಕು. ಒಂದು ಉದ್ದನೆಯ ಲೋಟವನ್ನು ಬಿಸಿಲಿನಲ್ಲಿಟ್ಟು, ಬೆಳಿಗ್ಗೆಯಿಂದ ಆಗಾಗ ಅದರ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸಿ. ಸೂರ್ಯನನ್ನು ನೇರವಾಗಿ ನೋಡದಂತೆ ಎಚ್ಚರ ವಹಿಸಿ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದರಿಂದ ಲೋಟದ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಏಪ್ರಿಲ್‌ನಲ್ಲಿ ಇದು ನಡೆಯುವುದು ಹನ್ನೆರಡು ಗಂಟೆಗಲ್ಲ, 12.17ರ ಸುಮಾರಿಗೆ. ಕರ್ನಾಟಕವಿಡೀ ಕರ್ಕಾಟಕ ಸಂಕ್ರಾಂತಿ ವೃತ್ತದ (ಸೂರ್ಯ ನೆತ್ತಿಯ ಮೇಲೆ ಬರುವ ಪ್ರದೇಶದ ಉತ್ತರದ ಗಡಿ) ದಕ್ಷಿಣಕ್ಕಿರುವುದರಿಂದ ನಮ್ಮ ಪ್ರತಿಯೊಂದು ಊರಿನಲ್ಲೂ ವರ್ಷಕ್ಕೆ ಎರಡು ಬಾರಿ ಹೀಗಾಗುತ್ತದೆ, ದಿನಾಂಕ ಮಾತ್ರ ಬೇರೆ. ಅಜ್ಜಿಯ ಊರಿನಲ್ಲಿ ಅದು ಯಾವ ದಿನ ಎಂಬ ಪ್ರಶ್ನೆ ಅವಳಿಂದಲೇ ಬಂದರೆ ನನಗೆ ಆಶ್ಚರ್ಯವಾಗದು.

ಉತ್ತರ 3:
ಮೇಲಿನ ಎರಡೂ ಮಾತುಗಳನ್ನು ಒಪ್ಪುತ್ತೇನೆ, ಆದರೆ ಎಲ್ಲ ಪ್ರಶ್ನೆಗಳಿಗೂ ಈ ದಾರಿ ಹೊಂದುವುದಿಲ್ಲ. ತೀರಿಹೋದ ತಾತ ಯಾವಾಗ ಬರುತ್ತಾರೆ ಎಂದು ಕೇಳುವ ಮಗುವಿಗೆ "ನಿನಗೆ ಏನನ್ನಿಸುತ್ತದೆ?" ಎಂದು ಮರುಪ್ರಶ್ನೆ ಹಾಕುವುದು ಕ್ರೂರವಾದೀತು, ಅಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, ಅವರು ಇನ್ನು ಬರುವುದಿಲ್ಲ ಎಂದು ಮೃದುವಾಗಿ, ನೇರವಾಗಿ ಹೇಳಬೇಕು. ದಣಿದಿರುವಾಗ "ಸಂಜೆ ನೋಡೋಣ" ಎನ್ನುವುದರಲ್ಲಿ ತಪ್ಪಿಲ್ಲ, ಆದರೆ ಸಂಜೆ ಅವಳು ಮರೆತಿದ್ದರೂ ನೀವೇ ನೆನಪಿಸಿ.