ನಮ್ಮೂರ ಶಾಲೆ ಮುಚ್ಚಿದ್ದಾರೆ, ಮತ್ತೆ ತೆರೆಸಬಹುದಾ?

ಹಳೇ ಬೆಂಚು: ನಾನೂ ನಮ್ಮಪ್ಪನೂ ಓದಿದ ಪ್ರಾಥಮಿಕ ಶಾಲೆಗೆ ಈ ವರ್ಷ ಬೀಗ ಬಿತ್ತು. ಉಳಿದಿದ್ದು ಏಳೇ ಮಕ್ಕಳು. ಅವರನ್ನು ಪಕ್ಕದೂರಿನ ಶಾಲೆಗೆ ಸೇರಿಸಿದ್ದಾರೆ. ಮುಚ್ಚಿಲ್ಲ, ವಿಲೀನ ಮಾಡಿದ್ದು ಅಂತಾರೆ. ಗಂಟೆಗೆ ಕಟ್ಟಿದ್ದ ರೈಲು ಕಂಬಿ ತುಂಡು ಇನ್ನೂ ಜಗಲಿಯಲ್ಲಿ ನೇತಾಡುತ್ತಿದೆ. ಸುತ್ತಿಗೆ ಮಾತ್ರ ಯಾರೋ ಒಯ್ದಿದ್ದಾರೆ. ಮೊನ್ನೆ ಭಾನುವಾರ ನನ್ನ ಮಗಳು ಕಲ್ಲು ತಗೊಂಡು ಸುಮ್ನೆ ಬಾರಿಸಿದಳು. ಎದುರುಮನೆ ಅಜ್ಜಿ "ಮೇಷ್ಟ್ರು ಬಂದ್ರಾ?" ಅಂತ ಹೊರಗೆ ಬಂದರು.

ಊರಲ್ಲೀಗ ಎರಡು ಗುಂಪು. ಒಂದಕ್ಕೆ ಧರಣಿ ಕೂರಬೇಕು, ಇನ್ನೊಂದಕ್ಕೆ ಕಟ್ಟಡ ಸಮುದಾಯ ಭವನ ಆಗಬೇಕು. ಧರಣಿ ಅನ್ನೋರಲ್ಲಿ ಮುಕ್ಕಾಲು ಜನರ ಮಕ್ಕಳು ಹಳದಿ ವ್ಯಾನ್ ಹತ್ತಿ ಪೇಟೆಗೆ ಹೋಗುತ್ತಾರೆ. ನನ್ನ ಮಗಳೂ ಅದರಲ್ಲೇ, ಸುಳ್ಳು ಯಾಕೆ ಹೇಳಲಿ. ಹೀಗೆ ಮುಚ್ಚಿದ ಶಾಲೆ ವಾಪಸ್ ತೆರೆಸಿದವರು ಇದ್ದೀರಾ?

ಅರ್ಜಿದಾರ: ಮೊದಲು ದೂರ ಅಳೆಯಿರಿ. ಮೊಬೈಲಲ್ಲಿ ಅಲ್ಲ, ಮಕ್ಕಳ ಜೊತೆ ನಡೆದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಲ್ಲಿ 1ರಿಂದ 5ನೇ ತರಗತಿಗೆ 1 ಕಿ.ಮೀ. ನಡಿಗೆಯೊಳಗೆ ಶಾಲೆ ಇರಬೇಕು ಅಂತಿದೆ. ಶಾಲೆ ಇಲ್ಲದ ಸಣ್ಣ ಊರಿನ ಮಕ್ಕಳಿಗೆ ಉಚಿತ ವಾಹನದಂಥ ವ್ಯವಸ್ಥೆ ಆಗಬೇಕು ಅಂತಲೂ ಇದೆ. ದಾರಿಯಲ್ಲಿ ಹಳ್ಳ, ಹೆದ್ದಾರಿ ಇದ್ದರೆ ಅದನ್ನೂ ಬರೆಯಿರಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿಮಾತು ಕೆಲಸಕ್ಕೆ ಬರಲ್ಲ.

ನಿವೃತ್ತ ಮೇಡಂ: ನಾನು ಒಬ್ಬಳೇ ಐದು ತರಗತಿ ನಡೆಸಿದವಳು, ಅದಕ್ಕೇ ಸ್ವಲ್ಪ ಖಾರವಾಗಿ ಹೇಳುತ್ತೇನೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನೋದು ಅದೇ ಕಾಯ್ದೆ. ನಮ್ಮಲ್ಲಿ ಎರಡನೆಯವರು ವರ್ಗವಾಗಿ ಹೋದರು, ಜಾಗ ಖಾಲಿಯೇ ಉಳಿಯಿತು. ನಾನು ಮೀಟಿಂಗಿಗೆ ಹೋದ ದಿನ ನಾಲ್ಕನೇ ತರಗತಿಯ ಹುಡುಗ ಒಂದನೇ ತರಗತಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಮಕ್ಕಳನ್ನು ಬಿಡಿಸಲು ಶುರು ಮಾಡಿದ್ದು ಆಗಲೇ. ಆಗ ಯಾರೂ ಧರಣಿ ಕೂರಲಿಲ್ಲ.

ಅಂದಹಾಗೆ, ಹಳೇ ದಾಖಲಾತಿ ಪುಸ್ತಕ ಎಲ್ಲಿಗೆ ಹೋಯಿತು ಕೇಳಿ. ನಿಮ್ಮೂರಿನ ಎಷ್ಟೋ ಹಿರಿಯರ ಹುಟ್ಟಿದ ತಾರೀಕು ಇರೋದು ಅದರಲ್ಲಿ ಮಾತ್ರ.

ಹಳೇ ಬೆಂಚು: ಇವತ್ತು ನಡೆದೆವು. 1.8 ಕಿ.ಮೀ., 41 ನಿಮಿಷ. ಒಂದನೇ ತರಗತಿಯ ಪುಟ್ಟಿ ದಾರಿಯಲ್ಲಿ ಎರಡು ಸಲ ಕೂತಳು. ಪುಸ್ತಕ ಹೊಸ ಶಾಲೆಯ ಬೀರುವಿನಲ್ಲಿದೆ, ಕಣ್ಣಾರೆ ನೋಡಿದೆ. ಶಾಲೆ ತೆರೆದರೆ ವ್ಯಾನ್ ಬಿಟ್ಟು ಬರುವ ಮಕ್ಕಳ ಪಟ್ಟಿ ಶುರು ಮಾಡಿದ್ದೇನೆ. ಮೊದಲ ಹೆಸರು ನನ್ನ ಮಗಳದ್ದೇ. ಮನೆಯಲ್ಲಿ ಇನ್ನೂ ಹೇಳಿಲ್ಲ.